ಮಂಚದ ಬಲಗಡೆ ನಿಂತವರು

"ಕೋಟು ತೆಗೆದು ಒಳಗೆ ಹೋಗಿ ಟೀಚರ್. ಮೇಡಮ್ಮಿನ ಆರ್ಡರ್ ಉಂಟು."

"ತೆಗೆಯುವುದಿಲ್ಲ."

"ಸಸ್ಪೆನ್ಷನ್ನಿನಲ್ಲಿ ಇರುವವರು ಬಿಳಿ ಕೋಟು ಹಾಕ್ಲಿಕ್ಕಿಲ್ಲ ಅಂತೆ. ನಾನೆಂತ ಮಾಡುವುದು ಹೇಳಿ?"

"ನೀವು ಎಂತದೂ ಮಾಡ್ಬೇಡಿ ಅಣ್ಣ. ಬಾಗಿಲು ಬಿಡಿ, ಸಾಕು. ಈ ಕೋಟು ಹೊಲಿಸಿ ಕೊಟ್ಟದ್ದು ಕುಂಬಳೆಯಲ್ಲಿರುವ ನನ್ನ ತಂದೆ, ನನ್ನ ಉಪ್ಪ. ಅವರು ಬಂದು ತೆಗಿ ಅಂದ್ರೆ ತೆಗೀತೇನೆ."

ಕಾವಲುಗಾರ ಬದಿಗೆ ಸರಿದ. ರಿಫಾನಾ ಸಭಾಂಗಣದ ನಡುದಾರಿಯಲ್ಲಿ ನಡೆದು ಬಂದಳು. ಇಸ್ತ್ರಿಯ ಗೆರೆ ಮುರಿಯದ ಕೋಟು, ಬಿಗಿಯಾಗಿ ಸುತ್ತಿದ ಬೂದು ತಲೆವಸ್ತ್ರ, ಎತ್ತಿದ ಗಲ್ಲ. ಅವಳು ದಾಟಿದ ಸಾಲುಗಳಲ್ಲೆಲ್ಲ ಗುಸುಗುಸು ಎದ್ದು, ದೋಣಿಯ ಹಿಂದಿನ ನೀರಿನಂತೆ, ಮತ್ತೆ ಕೂಡಿಕೊಂಡಿತು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಡಾಕ್ಟರ್ ಒಸ್ವಾಲ್ಡ್ ಕ್ರಾಸ್ತಾ ತನ್ನ ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಟೊಪ್ಪಿಯನ್ನು ಎತ್ತಿಕೊಂಡರು. ಅವರು ನಿವೃತ್ತ ಪೊಲೀಸ್ ಸರ್ಜನ್. ಸೇವೆಯುದ್ದಕ್ಕೂ ಸತ್ತವರ ಮೈಗಳನ್ನು ತೆರೆದು ನೋಡಿದವರು. ಸುಳ್ಳು ಹೇಳಲಾರದ ಜನರ ನಡುವೆ ಬಾಳಿ, ಈಗ ಮುದಿಪ್ರಾಯದಲ್ಲಿ ಸುಳ್ಳು ಹೇಳಬಲ್ಲವರ ಬೆನ್ನು ಹತ್ತಿದವರು.

ಹೋದ ವಾರ ಈ ಆಸ್ಪತ್ರೆಯಲ್ಲಿ ಬೆಳ್ಳೂರಿನ ಕಮಲ ಎಂಬ ಬೀಡಿ ಕಟ್ಟುವ ಹೆಂಗಸು ಸತ್ತಿದ್ದಳು. ಯಾವ ಇಂಜೆಕ್ಷನ್ ಅವಳ ಮೈಗೆ ಒಗ್ಗುವುದಿಲ್ಲವೆಂದು ಮಂಚದ ತಲೆಗಡೆ ಕೆಂಪಕ್ಷರದಲ್ಲಿ ಬರೆದಿತ್ತೋ ಅದನ್ನೇ ಯಾರೋ ಅವಳಿಗೆ ಚುಚ್ಚಿದ್ದರು. ಮುಖ ಮುಚ್ಚಿಕೊಂಡ ಡಾಕ್ಟರರೊಬ್ಬರು ವಾರ್ಡಿಗೆ ಬಂದಿದ್ದರೆಂದು ನರ್ಸಿಂಗ್ ಟ್ಯೂಟರ್ ರಿಫಾನಾ ಹೇಳುತ್ತಿದ್ದಳು. ಆ ಸಂಜೆ ಡಾಕ್ಟರರೆಲ್ಲ ತಪಾಸಣೆಗೆ ಬಂದ ತಂಡವನ್ನು ಎದುರುಗೊಳ್ಳಲು ಗೆಸ್ಟ್‌ಹೌಸಿನಲ್ಲಿದ್ದರು, ವಾರ್ಡಿಗೆ ಯಾರೂ ಹೋಗಿಲ್ಲ ಎಂದು ಆಡಳಿತ ಹೇಳುತ್ತಿತ್ತು. ಡಾಕ್ಟರರು ಬಂದಿಲ್ಲವಾದರೆ ಚುಚ್ಚಿದವಳು ರಿಫಾನಾ. ಇವತ್ತಿನ ಕಾರ್ಯಕ್ರಮ ಮುಗಿದೊಡನೆ ಅವಳನ್ನು ಕರೆದೊಯ್ಯಲು ಪೊಲೀಸ್ ಎಸ್ಸೈ ಬರುವವನಿದ್ದ. ಒಸ್ವಾಲ್ಡರನ್ನು ಕರೆಸಿಕೊಂಡದ್ದು ಅವಳೇ.

"ಕೂತುಕೋ ಮಗಳೇ," ಎಂದರು ಒಸ್ವಾಲ್ಡ್. "ಕೋಟು ಚೆಂದ ಉಂಟು."

"ಹೆದರಿಕೆ ಆಗ್ತದೆ ಅಂತ ಹಾಕಿದ್ದು ಸರ್. ಇದನ್ನು ಹಾಕಿದ್ರೆ ಕಾಲು ನಡುಗುವುದು ಕಾಣುವುದಿಲ್ಲ."

ಒಸ್ವಾಲ್ಡರ ಇನ್ನೊಂದು ಬದಿಯಲ್ಲಿ ಕಮಲಳ ಗಂಡ ಉಗ್ಗಪ್ಪ ಮೊಣಕಾಲುಗಳ ನಡುವೆ ಕೊಡೆ ಊರಿ ಕುಳಿತಿದ್ದ. ಹೆಂಡತಿಗೆ ಚಹಾ ತರಲೆಂದು ತಾನು ಕ್ಯಾಂಟೀನಿಗೆ ಹೋಗಿದ್ದಾಗಲೇ ಎಲ್ಲ ನಡೆದುಹೋಯಿತೆಂದು ಅವನು ಹೇಳಿದ್ದ. ಚಹಾದ ಲೋಟವನ್ನು ಇನ್ನೂ ಹಿಡಿದಿರುವವನಂತೆ ಅವನ ಬಲಗೈ ಅರ್ಧ ಮಡಚಿಕೊಂಡೇ ಇರುತ್ತಿತ್ತು.

ವೇದಿಕೆಯ ಮೇಲೆ ದೀಪ ಬೆಳಗಿಸಿ ಆಗಿತ್ತು. ಕೆಂಗಲ್ಲುಗುಡ್ಡೆ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಪರಿಚಯ ದಿನ ಅದು. ಹೊಸದಾಗಿ ಸೇರಿದ ಮಕ್ಕಳ ಮುಂದೆ, ಅವರ ತಂದೆತಾಯಿಗಳ ಮುಂದೆ, ಕಲಿಸುವವರೂ ಸಿಬ್ಬಂದಿಯೂ ಒಬ್ಬೊಬ್ಬರಾಗಿ ಮೈಕಿನ ಬಳಿ ಬಂದು ತಮ್ಮ ಹೆಸರು ಹೇಳಬೇಕು. ಮಲಯಾಳದಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ನಿರ್ದೇಶಕಿ ಡಾಕ್ಟರ್ ರಾಜೀವಿ ಪ್ರತಿಯೊಬ್ಬರ ಹೆಗಲು ಮುಟ್ಟಿ ಮುಂದಕ್ಕೆ ಕಳುಹಿಸುತ್ತಿದ್ದರು. ಅವರದು ಸಾವಧಾನದ ದನಿ, ನೆರಿಗೆ ಕದಲದ ಮಗ್ಗದ ಸೀರೆ. ರಿಫಾನಾ ಬಂದದ್ದನ್ನು ಅವರು ಕಂಡಿದ್ದರು. ಕಂಡೂ ಕಾಣದಂತೆ ನಗುತ್ತಿದ್ದರು.

"ಇನ್ನೊಮ್ಮೆ ಹೇಳು," ಒಸ್ವಾಲ್ಡ್ ಪಿಸುಗುಟ್ಟಿದರು. "ಮುಖದ ವಿಷಯ ಬಿಡು. ಉಳಿದದ್ದು ಹೇಳು."

"ಮಾಸ್ಕು, ತಲೆಗೆ ಹಸಿರು ಟೊಪ್ಪಿ. ಕಣ್ಣು ಮಾತ್ರ ಕಂಡದ್ದು. ಬಂದವರೇ ಮೊದಲು ಅಂಗೈ ಉಜ್ಜಿಕೊಂಡ್ರು. ಆಮೇಲೆ ಮಂಚಕ್ಕೆ ಸುತ್ತು ಹಾಕಿ ಬಲಗಡೆಗೆ ಹೋದ್ರು. ಅಲ್ಲಿ ಗ್ಲೂಕೋಸ್ ಸ್ಟ್ಯಾಂಡು ಇತ್ತು, ಅದನ್ನು ಆಚೆ ಮಾಡಿದ್ರು. ಹೊಟ್ಟೆಯ ಮೇಲೆ ಕೈಯಿಟ್ಟು ಕಮಲಕ್ಕನ ಮುಖವನ್ನೇ ನೋಡ್ತಾ ನಿಂತ್ರು. ಕೈಯ ಕಡೆ ನೋಡ್ಲೇ ಇಲ್ಲ ಸರ್. ಬಿಸಿನೀರಿನ ಚೀಲ ತನ್ನಿ ಅಂದ್ರು. ನಾನು ತಂದು ನೋಡುವಾಗ ಅವರಿಲ್ಲ. ಕಮಲಕ್ಕನಿಗೆ ಉಸಿರು ಸಿಕ್ತಾ ಇರ್ಲಿಲ್ಲ."

"ಸ್ಟ್ಯಾಂಡು?"

"ಓಡಿ ಬರುವಾಗ ಕಾಲಿಗೆ ಅಡ್ಡ ಆಯ್ತು. ನಾನೇ ತೆಗೆದು ಮೊದಲಿನ ಜಾಗದಲ್ಲಿ ಇಟ್ಟೆ."

"ಅದರ ಚಕ್ರ ತುಂಡಾಗಿತ್ತಲ್ಲ," ಎಂದು ಉಗ್ಗಪ್ಪ ನಿಟ್ಟುಸಿರಿಟ್ಟ. "ಪಾಪ, ಅವರು ಮಗುವನ್ನು ಎತ್ತಿದ ಹಾಗೆ ಎರಡು ಕೈಯಲ್ಲಿ ಎತ್ತಿ ಈಚೆ ಇಟ್ಟದ್ದು."

ಒಸ್ವಾಲ್ಡ್ ತಲೆಯಾಡಿಸಿದರು. ಅವರ ಮನಸ್ಸು ಅಂಗೈಗಳಲ್ಲಿತ್ತು. ತಣ್ಣನೆಯ ಕೈ ತಾಗಿದರೆ ಹೊಟ್ಟೆ ಬಿಗಿಯುತ್ತದೆ, ಆದ್ದರಿಂದ ಉಜ್ಜಿ ಬೆಚ್ಚಗೆ ಮಾಡಿಕೋ. ರೋಗಿಯ ಬಲಗಡೆಯಲ್ಲೇ ನಿಲ್ಲು. ಕೈ ಹೊಟ್ಟೆಯ ಮೇಲಿರಲಿ, ಕಣ್ಣು ಮುಖದ ಮೇಲಿರಲಿ. ನೋವು ಮೊದಲು ಕಾಣುವುದು ಹುಬ್ಬಿನಲ್ಲಿ. ಅವರ ಕಾಲದಲ್ಲಿ ಇದನ್ನು ಬೈದು ಬೈದು ಕಲಿಸಿದ್ದರು. ಮಂಚದ ಎಡಗಡೆ ನಿಂತವನನ್ನು ಬಾಯಿ ತೆರೆಯುವ ಮೊದಲೇ ಪರೀಕ್ಷೆಯಿಂದ ಹೊರಗೆ ಕಳುಹಿಸುತ್ತಿದ್ದರು. ಹಾಗೆ ಕಲಿತದ್ದು ಹೆಸರಿಗಿಂತ ಆಳಕ್ಕೆ ಇಳಿಯುತ್ತದೆ. ಹೆಸರನ್ನಾದರೂ ಮರೆಯಬಹುದು, ಬಲಗಡೆಯನ್ನು ಮರೆಯಲಾಗದು. ಅದನ್ನು ಮರೆತವರು ತನ್ನಂಥವರು ಮಾತ್ರ ಎಂದುಕೊಂಡರು ಒಸ್ವಾಲ್ಡ್. ಸತ್ತವರ ಹುಬ್ಬು ಗಂಟಿಕ್ಕುವುದಿಲ್ಲ. ಎಷ್ಟೋ ವರ್ಷಗಳಿಂದ ಅವರು ಯಾರ ಮುಖವನ್ನೂ ಆ ರೀತಿ ನೋಡಿರಲಿಲ್ಲ.

ಬಲ ಪಕ್ಕೆಲುಬಿನ ಕೆಳಗೆ ಒಂದು ಹಳೆಯ ನೋವು ಮಿಡಿಯಿತು. ತುಪ್ಪದ ಅನ್ನ ಉಂಡ ಮರುದಿನವೆಲ್ಲ ಅದು ಹೀಗೆಯೇ. ಅವರು ಅದನ್ನು ಮೊಣಕೈಯಿಂದ ಅದುಮಿ ಸುಮ್ಮನಾಗಿಸಿದರು.

"ಮೆಡಿಸಿನ್ ವಿಭಾಗದ ಮುಖ್ಯಸ್ಥರು," ರಾಜೀವಿಯವರ ದನಿ ಏರಿತು. "ಬೆಳ್ಳೂರಿನಂಥ ಹಳ್ಳಿಯಲ್ಲಿ ವರ್ಷಗಟ್ಟಲೆ ದವಾಖಾನೆ ನಡೆಸಿ ಬಡವರ ಸೇವೆ ಮಾಡಿದವರು. ಡಾಕ್ಟರ್ ಮಹೇಶ್ವರ!"

ಚಪ್ಪಾಳೆ. ಎತ್ತರದ ಆಳು, ಹೆಗಲಗಲದ ನಗು, ನಾಟಕದ ರಾಜನಿಗೊಪ್ಪುವ ಕಂಠ. ಮೈಕನ್ನು ತನ್ನ ಎತ್ತರಕ್ಕೆ ಏರಿಸಿಕೊಂಡೇ ಮಾತು ಶುರುಮಾಡಿದರು.

ಉಗ್ಗಪ್ಪನ ಗಂಟಲಲ್ಲಿ ಏನೋ ಗೊರಗುಟ್ಟಿತು. ಅದು ನಗುವೋ ಅಳುವೋ ಒಸ್ವಾಲ್ಡರಿಗೆ ತಿಳಿಯಲಿಲ್ಲ.

"ಇವರನ್ನು ಕಂಡೇ ಅವಳು ನಗಾಡಿದ್ದು ಡಾಕ್ಟ್ರೇ. ಸಾಯುವ ದಿನ ಬೆಳಿಗ್ಗೆ ಇವರು ರೌಂಡಿಗೆ ಬಂದಿದ್ರು. ಯಾರೋ ಹೆಸರು ಹೇಳಿದ್ರು. ಇವಳಿಗೆ ಬಾಯಿ ಸುಮ್ಮನೆ ಇರ್ತದಾ? 'ಹೆಲಿಕಾಪ್ಟರಿನಲ್ಲಿ ಗೇರುತೋಟಕ್ಕೆ ವಿಷ ಬಿಡ್ತಿದ್ದ ಕಾಲದಲ್ಲಿ ನಮಗೆಲ್ಲ ಮದ್ದು ಕೊಟ್ಟ ಮಹೇಶ್ವರ ಡಾಕ್ಟ್ರು ನನ್ನ ಹೆಗಲಿಗೆ ಬರ್ತಿದ್ರು. ಮುದಿಪ್ರಾಯದಲ್ಲಿ ಹೀಗೆ ಉದ್ದ ಬೆಳೆದದ್ದು ಎಂತ ತಿಂದು?' ಅಂತ ಕೇಳಿಯೇ ಬಿಟ್ಟಳು. ವಾರ್ಡಿಗೆ ವಾರ್ಡೇ ನಗಾಡಿತು."

"ಇವರು ಎಂತ ಹೇಳಿದ್ರು?"

"ಎಂತದೂ ಇಲ್ಲ. ಹಿಂದೆ ಮೇಡಂ ಇದ್ರು. ಅವರು ಮಾತ್ರ ನಗಾಡ್ಲಿಲ್ಲ."

ಒಸ್ವಾಲ್ಡ್ ವೇದಿಕೆಯ ಕಡೆ ನೋಡಿದರು. ಒಂದೇ ಹೆಸರಿನ ಇಬ್ಬರಿರಬಾರದೆಂದಿಲ್ಲ. ಆದರೆ ಒಂದೇ ಬೆಳ್ಳೂರು, ಒಂದೇ ದವಾಖಾನೆ, ಎರಡು ಎತ್ತರ?

ಪರಿಚಯ ಮುಂದುವರಿಯಿತು. ಕೊನೆಯಲ್ಲಿ ಬೋಧಕರಲ್ಲದ ಸಿಬ್ಬಂದಿ. ಲೈಬ್ರೆರಿಯನ್ ಸುಬ್ಬರಾಯರ ಸರದಿ ಬಂದಾಗ ಅವರು ವೇದಿಕೆ ಹತ್ತಲೇ ಇಲ್ಲ. ಬದಿಯ ಮೊಗಸಾಲೆಯಲ್ಲಿದ್ದ ತಮ್ಮ ಪುಸ್ತಕದ ಮೇಜಿನ ಬಳಿಯಿಂದಲೇ, ಗಿಡ್ಡ ಮೈಯನ್ನು ಇನ್ನಷ್ಟು ಗಿಡ್ಡ ಮಾಡಿಕೊಂಡು, ಸಭೆಗೆ ಬೆನ್ನು ಅರ್ಧ ತಿರುಗಿಸಿ ಕೈ ಮುಗಿದರು.

"ಇಲ್ಲಿಗೆ ನಮ್ಮೆಲ್ಲರ ಪರಿಚಯ ಮುಗಿಯಿತು," ಎಂದರು ರಾಜೀವಿ.

"ಮುಗಿಯಲಿಲ್ಲ ಮೇಡಂ."

ರಿಫಾನಾ ಎದ್ದು ನಿಂತಿದ್ದಳು. ಮೈಕು ಇರಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ.

"ನನ್ನ ಹೆಸರು ರಿಫಾನಾ. ನರ್ಸಿಂಗ್ ವಿಭಾಗದ ಟ್ಯೂಟರ್. ಇಲ್ಲಿಯ ರೋಗಿಯೊಬ್ಬರನ್ನು ಕೊಂದದ್ದು ನಾನು ಅಂತ ಮೇಡಂ ಹೇಳ್ತಾರೆ. ನಾನಲ್ಲ ಅಂತ ನಾನು ಹೇಳ್ತೇನೆ. ನಮ್ಮಿಬ್ಬರಲ್ಲಿ ಒಬ್ಬರು ಸುಳ್ಳು. ನಿಮ್ಮ ಮಕ್ಕಳಿಗೆ ನಾಳೆ ಪಾಠ ಹೇಳುವವರು ಯಾರು ಅಂತ ಸರಿಯಾಗಿ ತಿಳ್ಕೊಂಡೇ ಮನೆಗೆ ಹೋಗಿ."

ಸಭೆಯ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಎಲ್ಲೋ ಒಂದು ಮಗು ಅತ್ತು ಸುಮ್ಮನಾಯಿತು.

ರಾಜೀವಿ ಮೈಕಿನಿಂದ ಮುಖ ಸರಿಸಿ, ವೇದಿಕೆ ಇಳಿದು, ಅವಳ ಹತ್ತಿರಕ್ಕೇ ಬಂದರು. ಅವರ ಮಾತು ಎರಡು ಸಾಲಿನಾಚೆಗೆ ಕೇಳಿಸಲಿಲ್ಲ.

"ಎಸ್ಸೈ ಬರ್ತಾ ಇದ್ದಾರೆ ಮಗೂ. ಕೈತಪ್ಪಿ ಆಯ್ತು ಅಂತ ಒಂದು ಮಾತು ಹೇಳು. ನಾನು ಈ ಗೋಡೆಯೊಳಗೇ ಮುಗಿಸಿಬಿಡ್ತೇನೆ. ನಿನ್ನ ವಯಸ್ಸಿಗೆ ಇನ್ನೂ ಬದುಕು ಉಂಟು."

"ಬದುಕು ಉಂಟು ಅಂತಲೇ ಹೇಳುವುದಿಲ್ಲ ಮೇಡಂ."

"ಹಟ ಒಳ್ಳೆಯದಲ್ಲ."

"ಹಟ ಅಲ್ಲ. ನನ್ನ ಕೈ ತಪ್ಪಿಲ್ಲ. ತಪ್ಪದ ಕೈಯನ್ನು ತಪ್ಪಿತು ಅಂದ್ರೆ ನಾಳೆ ಅದೇ ಕೈಯಲ್ಲಿ ಇನ್ನೊಬ್ಬರ ನಾಡಿ ಹಿಡಿಯುವುದು ಹೇಗೆ?"

ರಾಜೀವಿಯವರ ನಗು ಮೊದಲ ಸಲ ಸಣ್ಣದಾಯಿತು. ಅವರು ತಿರುಗಿ, ಸಭೆಯನ್ನು ಬದಿಯ ಮೊಗಸಾಲೆಗೆ ಕರೆದರು. ಅಲ್ಲಿ ಪ್ರತಿ ವಿಭಾಗವೂ ತನ್ನ ಮೇಜು ಹಾಕಿತ್ತು: ಎಲುಬುಗಳು, ಸೂಕ್ಷ್ಮದರ್ಶಕಗಳು, ಜಾಡಿಗಳಲ್ಲಿ ತೇಲುವ ಬಿಳಿಚಿದ ಅಂಗಗಳು. ಜನ ಎದ್ದು ಆ ಕಡೆ ಹರಿದರು. ಊರಿನ ಟಿವಿ ಚಾನೆಲ್ಲಿನವನೊಬ್ಬ ಕ್ಯಾಮರಾ ಹೊತ್ತು ಹಿಂಬಾಲಿಸಿದ.

ಮೆಡಿಸಿನ್ ವಿಭಾಗದವರು ಒಂದು ಮಂಚವನ್ನೇ ತಂದಿಟ್ಟಿದ್ದರು. ನೋಡುವವರಿಗೆ ಅನುಕೂಲವಾಗಲೆಂದು ಅದರ ಎಡಬದಿಯನ್ನು ಜನರ ಕಡೆಗೆ ತಿರುಗಿಸಿದ್ದರು. ಬಲಬದಿಯಲ್ಲಿ ಗೋಡೆಗೆ ತಾಗಿದಂತೆ ವಾರ್ಡಿನಿಂದ ತಂದ ಗ್ಲೂಕೋಸ್ ಸ್ಟ್ಯಾಂಡು. ಅದರ ಒಂದು ಚಕ್ರ ತುಂಡಾಗಿತ್ತು.

ಒಸ್ವಾಲ್ಡ್ ಆ ಮಂಚವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಹತ್ತಿ, ಮಲಗಿಬಿಟ್ಟರು.

"ಕ್ರಾಸ್ತಾ ಡಾಕ್ಟ್ರೇ!" ರಾಜೀವಿ ಧಾವಿಸಿ ಬಂದರು. "ಎಂತ ಇದು ನಾಟಕ?"

"ನಾಟಕ ಎಂತದ್ದು ಮಾರಾಯ್ರೆ? ಪರಿಚಯ ದಿನ ಅಂದಿರಿ. ಹೆಸರು ಕೇಳಿ ಆಯ್ತು. ಡಾಕ್ಟರರ ಪರಿಚಯ ಆಗುವುದು ಕೈ ತಾಗಿದ ಮೇಲೆಯೇ ಅಲ್ವಾ? ನನಗೆ ಹೊಟ್ಟೆಯಲ್ಲಿ ನೋವು ಉಂಟು. ಮಹೇಶ್ವರ ಡಾಕ್ಟ್ರು ಒಮ್ಮೆ ಕೈಯಿಟ್ಟು ನೋಡ್ಲಿ. ಈ ಮಕ್ಕಳೂ ಕಲ್ತ ಹಾಗೆ ಆಯ್ತು."

"ನೋಡ್ಲಿ ನೋಡ್ಲಿ," ಎಂದಿತು ಜನ. ಕ್ಯಾಮರಾ ಹತ್ತಿರ ಬಂತು. ಬೇಡವೆನ್ನುವುದು ಸಾಧ್ಯವಿರಲಿಲ್ಲ.

ಮಹೇಶ್ವರ ನಗುತ್ತ ಮುಂದೆ ಬಂದರು. ತೆರೆದಿದ್ದ ಎಡಬದಿಯಲ್ಲೇ ನಿಂತರು.

"ಬಲಗಡೆಗೆ ಬರುವುದಿಲ್ಲವಾ ಡಾಕ್ಟ್ರೇ?"

"ಯಾಕೆ? ಇಲ್ಲಿಂದಲೇ ಆಗ್ತದಲ್ಲ."

ಜನರ ನಡುವೆ ರಿಫಾನಾಳ ಹುಬ್ಬು ಮೇಲೇರಿದ್ದನ್ನು ಒಸ್ವಾಲ್ಡ್ ಕಂಡರು. ಅಷ್ಟರಲ್ಲಿ ಒಂದು ತಣ್ಣನೆಯ ಕೈ ಅವರ ಮೈ ದಾಟಿ ಬಂದು ಪಕ್ಕೆಲುಬಿನ ಕೆಳಗೆ ಒತ್ತಿತು. ಮಹೇಶ್ವರ ಕ್ಯಾಮರಾದ ಕಡೆ ತಿರುಗಿ ಜೀರ್ಣಶಕ್ತಿಯ ಬಗ್ಗೆ ಮಾತನಾಡುತ್ತಿದ್ದರು. ಮಲಗಿದವನಿಗೆ ಕಂಡದ್ದು ಅವರ ಗಲ್ಲದ ಅಡಿ ಮಾತ್ರ, ಕ್ಷೌರದ ಕತ್ತಿಯಿಂದ ತಪ್ಪಿಸಿಕೊಂಡ ನಾಲ್ಕು ಬಿಳಿಗೂದಲು ಮಾತ್ರ. ಈ ಮನುಷ್ಯ ಯಾವ ಗುರುವಿನಿಂದಲೂ ಬೈಸಿಕೊಂಡವನಲ್ಲ. ಆ ಸಂಜೆ ವಾರ್ಡಿಗೆ ಬಂದವನು ಇವನಲ್ಲ. ಅದಕ್ಕಿಂತ ಹೆಚ್ಚಾಗಿ, ಇವನು ಡಾಕ್ಟರನೇ ಅಲ್ಲ.

ಹಾಗೆಂದು ಬಾಯಿಬಿಡಬೇಕೆನ್ನುವಷ್ಟರಲ್ಲಿ ಆ ಬೆರಳುಗಳು ಹಳೆಯ ನೋವಿನ ಮೇಲೆಯೇ ಇಳಿದವು.

ನೋವು ನಾಟಕವಾಗಿರಲಿಲ್ಲ. ಒಳಗೆ ಯಾರೋ ಕೊಂಡಿ ಹಾಕಿ ಎಳೆದಂತೆ ಒಸ್ವಾಲ್ಡರ ಉಸಿರು ನಿಂತಿತು. ಹಣೆಯಲ್ಲಿ ಬೆವರೊಡೆಯಿತು. ಮಹೇಶ್ವರ ಕೆಂಡ ಮುಟ್ಟಿದವರಂತೆ ಕೈ ಹಿಂದೆಗೆದು ರಾಜೀವಿಯವರ ಮುಖ ನೋಡಿದರು. ಜನ ಹಿಂದೆ ಸರಿದರು. "ಸರ್!" ಎಂದು ರಿಫಾನಾ ನುಗ್ಗಿ ಬರುತ್ತಿದ್ದಳು.

ಅವಳಿಗಿಂತ ಮೊದಲು ಬಂದವರು ಬೇರೊಬ್ಬರು.

ಪುಸ್ತಕದ ಮೇಜಿನ ಬಳಿಯಿಂದ ಒಂದು ಗಿಡ್ಡ ಆಕೃತಿ ಎದ್ದಿತು. ಕೈಯಲ್ಲಿದ್ದ ಪುಸ್ತಕವನ್ನು ತೆರೆದಂತೆಯೇ ಮೇಜಿನ ಮೇಲೆ ಬಿಟ್ಟು ನಡೆದು ಬಂದಿತು. ಬರುತ್ತ ಬರುತ್ತ ಅಂಗೈಗಳನ್ನು ಉಜ್ಜಿಕೊಳ್ಳುತ್ತಿತ್ತು. ತೆರೆದ ಎಡಬದಿಯನ್ನು ಬಿಟ್ಟು, ಮಂಚದ ಕಾಲ್ದೆಸೆಗೆ ಸುತ್ತು ಹಾಕಿ, ಉರುಳದ ಆ ಸ್ಟ್ಯಾಂಡನ್ನು ಎರಡು ಕೈಯಲ್ಲಿ ಮಗುವನ್ನು ಎತ್ತಿದ ಹಾಗೆ ಎತ್ತಿ ಆಚೆಗಿಟ್ಟು, ಗೋಡೆಗೂ ಮಂಚಕ್ಕೂ ನಡುವಿನ ಇಕ್ಕಟ್ಟಿನಲ್ಲಿ, ಬಲಗಡೆಯಲ್ಲಿ ನಿಂತಿತು.

ಬೆಚ್ಚನೆಯ ಕೈಯೊಂದು ಹೊಟ್ಟೆಯ ಮೇಲೆ ಎಲೆಯಂತೆ ಕುಳಿತಿತು. ಒಸ್ವಾಲ್ಡ್ ಕಣ್ಣು ತೆರೆದರು. ಮೇಲಿನಿಂದ ಎರಡು ಕಣ್ಣುಗಳು ತನ್ನ ಮುಖವನ್ನೇ ನೋಡುತ್ತಿದ್ದವು. ತನ್ನನ್ನು ಹಾಗೆ ಕಡೆಯ ಸಲ ಯಾರು ನೋಡಿದ್ದರೆಂದು ಅವರಿಗೆ ನೆನಪಾಗಲಿಲ್ಲ.

"ಮೆಲ್ಲಗೆ ಉಸಿರೆಳೆಯಿರಿ. ಸಾಕು, ಸಾಕು." ಲೈಬ್ರೆರಿಯನ್ ಸುಬ್ಬರಾಯರ ದನಿ ಬಹಳ ದಿನ ಬಳಸದ ಬಾಗಿಲಿನಂತೆ ಕಿರುಗುಟ್ಟಿತು. "ಪಿತ್ತಕೋಶ. ಎಷ್ಟು ಕಾಲದಿಂದ ಮುಂದೂಡ್ತಾ ಬಂದಿದ್ದೀರಿ?"

"ನೀವು ಮುಂದೂಡಿದಷ್ಟು ಕಾಲ ಅಲ್ಲ," ಎಂದರು ಒಸ್ವಾಲ್ಡ್.

ಸುಬ್ಬರಾಯ ಸುತ್ತ ನೆರೆದ ಜನರನ್ನು ನೋಡಿದರು. ಏನು ಮಾಡಿದೆನೆಂದು ಅವರಿಗೆ ತಿಳಿದದ್ದು ಆಗಲೇ.

"ಇವರೇ!" ರಿಫಾನಾಳ ದನಿ ಸೀಳಿಕೊಂಡು ಬಂತು. "ಇದೇ ಕಣ್ಣು. ಹೀಗೇ ನಿಂತದ್ದು. ನಾನು ಹೇಳ್ಲಿಲ್ಲವಾ? ಡಾಕ್ಟ್ರು ಬಂದಿದ್ರು ಅಂತ ಹೇಳ್ಲಿಲ್ಲವಾ ನಾನು?"

"ಇವರು ಲೈಬ್ರೆರಿಯನ್," ಎಂದರು ರಾಜೀವಿ. "ಪುಸ್ತಕದ ಧೂಳು ಹೊಡೆಯುವವರು. ಹುಡುಗಿಗೆ ಹುಚ್ಚು."

"ಹುಚ್ಚು ಅಲ್ಲ ಮೇಡಂ," ಎಂದರು ಸುಬ್ಬರಾಯ. ಕೈಯನ್ನು ಒಸ್ವಾಲ್ಡರ ಮೈಯಿಂದ ತೆಗೆದಿರಲಿಲ್ಲ. ಅದೊಂದೇ ತನ್ನನ್ನು ನಿಲ್ಲಿಸಿ ಹಿಡಿದಿದೆ ಎಂಬಂತಿತ್ತು. "ಆವತ್ತು ಹೋದದ್ದು ನಾನು. ಡಾಕ್ಟರರೆಲ್ಲ ಗೆಸ್ಟ್‌ಹೌಸಿನಲ್ಲಿ ಹಾರ ಹಿಡಿದು ನಿಂತಿದ್ರು. ಅವಳು ನರಳುವುದು ಲೈಬ್ರೆರಿಯ ಕಿಟಕಿಗೆ ಕೇಳ್ತಾ ಇತ್ತು. ಯಾರ ದನಿ ಅಂತ ಗುರ್ತವೂ ಆಯ್ತು. ಬೆಳ್ಳೂರಿನಲ್ಲಿ ಅವಳ ಹೆರಿಗೆ ಮಾಡಿಸಿದವನು ನಾನು."

ಅವರು ಎದುರಿಗಿದ್ದ ಎತ್ತರದ ಆಳಿನ ಕಡೆ ಕಣ್ಣು ಹಾಯಿಸಿದರು.

"ಮಹೇಶ್ವರ ಎಂಬುದು ನನ್ನ ಹೆಸರು. ಮೇಡಮ್ಮಿನ ಕೋಣೆಯ ಗೋಡೆಯಲ್ಲಿ ತೂಗುಹಾಕಿದ ಡಿಗ್ರಿ ನನ್ನದು. ಅದರ ಕೆಳಗಿನ ಫೋಟೋ ಮಾತ್ರ ಇವರದು."

ಎತ್ತರದ ಮಹೇಶ್ವರ ಕ್ಯಾಮರಾಕ್ಕೆ ಅಡ್ಡವಾಗಿ ಅಂಗೈ ಹಿಡಿದರು. ಆ ನಾಟಕದ ಕಂಠ ಎಲ್ಲಿಗೋ ಹೋಗಿತ್ತು.

ರಿಫಾನಾ ಮಂಚದ ಅಂಚಿಗೆ ಬಂದು ನಿಂತಳು. ಅವಳ ಕಣ್ಣಲ್ಲಿ ಗೆದ್ದವರ ಬೆಳಕಿರಲಿಲ್ಲ.

"ಒಂದು ವಾರ! ಒಂದು ವಾರ ನನ್ನ ಉಪ್ಪ ಅಂಗಡಿ ತೆರೆದಿಲ್ಲ. ಮಸೀದಿಯಿಂದ ಬರುವಾಗ ಜನ ಮುಖ ತಿರುಗಿಸ್ತಾರೆ. ನೀವು ಲೈಬ್ರೆರಿಯಲ್ಲಿ ಕೂತು ಪೇಪರ್ ಓದ್ತಾ ಇದ್ರಿ. ನಾನು ಪುಸ್ತಕ ತರ್ಲಿಕ್ಕೆ ಬಂದಾಗ ಸೀಲು ಹಾಕಿ ಕೊಟ್ರಿ. ರೋಗಿಯ ಮುಖ ನೋಡ್ಲಿಕ್ಕೆ ನಿಮಗೆ ಕಲಿಸಿದವರು ನರ್ಸಿನ ಮುಖ ನೋಡ್ಲಿಕ್ಕೆ ಕಲಿಸಲಿಲ್ಲವಾ?"

ಸುಬ್ಬರಾಯ ತಲೆ ಎತ್ತಲಿಲ್ಲ. "ಮೇಡಮ್ಮಿಗೆ ಹೆಸರನ್ನೇ ಬಿಟ್ಟುಕೊಟ್ಟವನಿಗೆ ಧೈರ್ಯ ಎಲ್ಲಿಂದ ಬರ್ತದೆ ಮಗಳೇ?" ಎಂದರು.

ರಾಜೀವಿಯವರು ಮೂಗಿನಲ್ಲಿ ಒಮ್ಮೆ ಉಸಿರು ಬಿಟ್ಟರು. ಮತ್ತೆ ಅವರ ದನಿ ಮೊದಲಿನ ಸಾವಧಾನಕ್ಕೇ ಮರಳಿತ್ತು. ಒಸ್ವಾಲ್ಡ್ ಮನಸ್ಸಿನಲ್ಲೇ ತಲೆದೂಗಿದರು. ನೆಲ ಕುಸಿಯುತ್ತಿರುವಾಗ ಇಷ್ಟು ಬೇಗ ಹೊಸ ಕಲ್ಲಿನ ಮೇಲೆ ಕಾಲಿಡುವವರನ್ನು ಅವರು ಕಂಡಿರಲಿಲ್ಲ.

"ಹಾಗಾದರೆ ಇನ್ನೂ ಸುಲಭ ಆಯ್ತಲ್ಲ. ನಮಗೆ ಮೋಸ ಮಾಡಿ ಹೆಸರು ಮುಚ್ಚಿಟ್ಟು ಒಳಗೆ ಸೇರಿದ್ದು ನೀವು. ಕಮಲ ಬಾಯಿ ಬಿಟ್ಟರೆ ನಿಮ್ಮ ಗುಟ್ಟು ಹೊರಗೆ ಬೀಳ್ತಿತ್ತು. ಹುಡುಗಿಯನ್ನು ಬಿಸಿನೀರಿಗೆ ಕಳಿಸಿದ್ದೂ ನೀವೇ. ಚುಚ್ಚಿದ್ದು ಬೇರೆ ಯಾರು?"

"ಇವರಲ್ಲ," ಎಂದರು ಒಸ್ವಾಲ್ಡ್, ನೋವನ್ನು ಹಲ್ಲಿನಲ್ಲಿ ಕಚ್ಚಿಕೊಂಡು. "ಪೋಸ್ಟ್‌ಮಾರ್ಟಂ ವರದಿ ನೋಡಿದ್ದೇನೆ. ಸೂಜಿಯ ಗುರುತು ಇದ್ದದ್ದು ಎಡತೋಳಿನಲ್ಲಿ. ಇವರು ನಿಂತದ್ದು ಬಲಗಡೆ. ಇಲ್ಲಿ ನಿಂತವನು ಎಡತೋಳಿಗೆ ಚುಚ್ಚಬೇಕಾದರೆ ರೋಗಿಯ ಮೇಲೆ ಬಗ್ಗಿ ಕೈ ಚಾಚಬೇಕು. ಬಲತೋಳು ಇವರ ಕೈಗೆ ತಾಗಿಕೊಂಡೇ ಇತ್ತು. ಚುಚ್ಚಿದವರು ಎಡಗಡೆಯಲ್ಲಿ ನಿಂತವರು ಮೇಡಂ. ಇವರು ಹೋದ ಮೇಲೆ ಬಂದವರು."

"ಇದು ನಿಮ್ಮ ಲೆಕ್ಕಾಚಾರ. ಕೋರ್ಟಿಗೆ ಸಾಕ್ಷಿ ಬೇಕು. ಇವರು ಹೊರಗೆ ಹೋಗುವಾಗ ಕಮಲ ಜೀವದಿಂದ ಇದ್ದದ್ದನ್ನು ಕಂಡವರು ಯಾರು? ಇವರ ನಂತರ ಇನ್ನೊಬ್ಬರು ಬಂದದ್ದನ್ನು ಕಂಡವರು ಯಾರು?"

"ಇದ್ದಾರೆ," ಎಂದರು ಸುಬ್ಬರಾಯ.

ಹೊರಗೆ ಗುಡ್ಡದ ತಿರುವಿನಲ್ಲಿ ಜೀಪು ಗೇರು ಬದಲಿಸುವ ಸದ್ದು ಕೇಳಿಸಿತು. ಪೊಲೀಸರು. ರಿಫಾನಾ ಕೋಟಿನ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡಳು.

"ನಾನು ಮಾಸ್ಕು ಕೆಳಗೆ ಮಾಡಿ ಹೊರಗೆ ಬರುವಾಗ ಬಾಗಿಲಲ್ಲಿ ಉಗ್ಗಪ್ಪ ನಿಂತಿದ್ದ. ಕೈಯಲ್ಲಿ ಚಹಾ ಇತ್ತು. ಬಹಳ ಹೊತ್ತಿನಿಂದ ನಿಂತಿದ್ದಿರಬೇಕು. ಗುರ್ತ ಹಿಡಿದು, 'ಡಾಕ್ಟ್ರೇ, ನೀವು ಇನ್ನೂ ಇದ್ದೀರಾ' ಅಂತ ಅತ್ತ. ಕಮಲ ಒಳಗಿನಿಂದ ನನ್ನನ್ನು ಕರೆದು ಎಂತದೋ ತಮಾಷೆ ಮಾಡಿದ್ಳು. ಅವನಿಗೂ ಕೇಳಿತ್ತು. ನಾನು ಮೆಟ್ಟಿಲು ಇಳಿದೆ. ಅವನು ಅಲ್ಲಿಯೇ ನಿಂತಿದ್ದ."

ಒಸ್ವಾಲ್ಡರ ಕಿವಿಯಲ್ಲಿ ಒಂದು ಮಾತು ಮರುಕಳಿಸಿತು. ಮಗುವನ್ನು ಎತ್ತಿದ ಹಾಗೆ, ಎರಡು ಕೈಯಲ್ಲಿ. ರಿಫಾನಾ ಹೇಳಿದ್ದು ಆಚೆ ಮಾಡಿದರು ಎಂದಷ್ಟೇ. ಉಗ್ಗಪ್ಪ ಕ್ಯಾಂಟೀನಿನಿಂದ ಬಂದನೆಂದ ಹೊತ್ತಿಗೆ ಸ್ಟ್ಯಾಂಡು ಮೊದಲಿನ ಜಾಗಕ್ಕೆ ಮರಳಿತ್ತು. ಅದನ್ನು ಎತ್ತಿದ ಬಗೆಯನ್ನು ಅವನು ಹೇಗೆ ಬಲ್ಲ? ತಾನು ಕಣ್ಣಾರೆ ಈಗಷ್ಟೇ ಕಂಡ ಆ ಎತ್ತುವಿಕೆಯನ್ನು, ಇದ್ದದ್ದು ಇದ್ದ ಹಾಗೆ, ಅವನು ಇದಕ್ಕೂ ಮೊದಲೇ ಹೇಳಿಬಿಟ್ಟಿದ್ದ. ತನ್ನ ಪಕ್ಕದಲ್ಲೇ ಕುಳಿತು ಹೇಳಿದ್ದ. ತಾನು ತಲೆಯಾಡಿಸಿದ್ದು ಮಾತ್ರ.

ಎಲ್ಲವನ್ನೂ ಕಂಡವನು. ಹೆಂಡತಿಯ ಕೊನೆಯ ತಮಾಷೆಯನ್ನೂ, ಆಮೇಲೆ ಎಡಗಡೆಗೆ ಬಂದು ನಿಂತವರನ್ನೂ. ಮತ್ತೆ ಈ ಒಂದು ವಾರ, ಈ ಹುಡುಗಿಯ ಪಕ್ಕದಲ್ಲೇ ಕೂತು, ಕೊಡೆ ಊರಿಕೊಂಡು, ನಿಟ್ಟುಸಿರಿಟ್ಟವನು.

"ಉಗ್ಗಪ್ಪ!" ಒಸ್ವಾಲ್ಡ್ ಎದ್ದು ಕೂರಲು ಹೋದರು, ನೋವು ಅವರನ್ನು ಮತ್ತೆ ಮಲಗಿಸಿತು. "ರಿಫಾನಾ, ಉಗ್ಗಪ್ಪ ಎಲ್ಲಿ?"

ರಿಫಾನಾ ಜನರನ್ನು ಸರಿಸಿ ಸಭಾಂಗಣದೊಳಕ್ಕೆ ನೋಡಿದಳು. ಹಿಂದಿನ ಸಾಲು ಖಾಲಿ. ಕುರ್ಚಿಗೆ ಒರಗಿಸಿಟ್ಟ ಕೊಡೆ ಮಾತ್ರ ಇತ್ತು. ಅವಳು ಮೊಗಸಾಲೆಯ ಜಾಲರಿಯ ಬಳಿಗೆ ಓಡಿದಳು.

"ಅಂಗಳದಲ್ಲಿ ಇದ್ದಾರೆ ಸರ್." ಅವಳ ದನಿ ತಗ್ಗಿತು. "ಕಾರು ಹತ್ತುತ್ತಾ ಇದ್ದಾರೆ."

"ಯಾರ ಕಾರು?"

ಅವಳು ಜಾಲರಿ ಹಿಡಿದುಕೊಂಡೇ ಮೆಲ್ಲಗೆ ತಿರುಗಿ ರಾಜೀವಿಯವರನ್ನು ನೋಡಿದಳು. ರಾಜೀವಿ ಇನ್ನೂ ಅಲ್ಲಿಯೇ, ಮಂಚದ ಎಡಗಡೆಯಲ್ಲಿ, ಸೀರೆಯ ಸೆರಗನ್ನು ಸರಿಪಡಿಸಿಕೊಳ್ಳುತ್ತ ನಿಂತಿದ್ದರು.

ಕೆಳಗೆ ಅಂಗಳದಲ್ಲಿ ಪೊಲೀಸ್ ಜೀಪು ಒಳಗೆ ಬರುತ್ತಿತ್ತು. ಅದಕ್ಕೆ ದಾರಿ ಬಿಟ್ಟು ನಿಂತಿದ್ದ ನಿರ್ದೇಶಕಿಯವರ ಬಿಳಿ ಕಾರಿನ ಚಾಲಕ ಇಳಿದು ಬಂದು, ಮದುಮಗನಿಗೆ ತೆರೆಯುವ ಹಾಗೆ, ಬೆಳ್ಳೂರಿನ ಉಗ್ಗಪ್ಪನಿಗಾಗಿ ಹಿಂದಿನ ಬಾಗಿಲನ್ನು ತೆರೆದು ಹಿಡಿದಿದ್ದ.